749 ರೂಪಾಯಿಯ ಡಬ್ಬಿ, ಮೂರೂವರೆ ಇಂಚಿನ ಚೌಕ

ಶಿರಸಿಯ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ರಾಶಿ ಅಡಿಕೆ ಎಷ್ಟು, ಚಾಲಿ ಅಡಿಕೆ ಎಷ್ಟು ಅಂತ ಫೋನಿನಲ್ಲಿ ದರ ಹೇಳುವಾಗ ಬಲಗೈ ಸುಮ್ನೆ ಕೂರುವುದಿಲ್ಲ. ಹಳೇ ಚೀಟಿಯ ಹಿಂದೆ ಸುರುಳಿ, ಗೀಟು, ಬಲೆ ಅಂತ ಏನಾದರೂ ಗೀಚುತ್ತಲೇ ಇರುತ್ತದೆ. ಅದನ್ನು ನೋಡಿಯೇ ಮಗಳು ಜೂನ್‌ನಲ್ಲಿ ಆನ್‌ಲೈನ್‌ನಿಂದ ಡೂಡ್ಲಿಂಗ್ ಕಿಟ್ ತರಿಸಿಕೊಟ್ಟಳು. "ಝೆಂಟ್ಯಾಂಗಲ್ ಅಂತಾರೆ ಅಪ್ಪಾ, ಬಿಪಿ ಇದ್ದವರಿಗೂ ಒಳ್ಳೇದಂತೆ." ಕಂಪನಿ ಹೆಸರು ಬೇಡ ಬಿಡಿ.

ಡಬ್ಬಿಯಲ್ಲಿ 20 ಬಿಳಿ ಚೌಕ, ಎರಡು ಕಪ್ಪು ಪೆನ್, ಪೆನ್ಸಿಲ್, ಕಾಗದ ಸುತ್ತಿ ಮಾಡಿದ ಬತ್ತಿಯಂಥ ಕಡ್ಡಿ, ಒಂದು ಚಿಕ್ಕ ಪುಸ್ತಕ. ರಬ್ಬರ್ ಇಲ್ಲ. ಮರೆತಿರಬೇಕು ಅಂದುಕೊಂಡೆ. ಬೇಕಂತಲೇ ಇಟ್ಟಿಲ್ಲವಂತೆ.

ವಿಧಾನ ಸುಲಭ. ಮೂರೂವರೆ ಇಂಚಿನ ಚೌಕದ ನಾಲ್ಕು ಮೂಲೆಗೂ ಪೆನ್ಸಿಲ್‌ನಲ್ಲಿ ಚುಕ್ಕಿ. ಚುಕ್ಕಿ ಸೇರಿಸಿ ಅಂಚು. ಒಳಗೆ ಕೈ ಹೋದಂತೆ ಒಂದು ತೆಳು ಗೆರೆ, ಅದಕ್ಕೆ 'ಸ್ಟ್ರಿಂಗ್' ಅನ್ನುತ್ತಾರೆ. ಗೆರೆಯಿಂದ ಆದ ಒಂದೊಂದು ಖಾನೆಗೂ ಪೆನ್ನಿನಲ್ಲಿ ಒಂದೊಂದು ವಿನ್ಯಾಸ ತುಂಬುವುದು. ಕೊನೆಗೆ ಪೆನ್ಸಿಲ್ ನೆರಳು ಹಾಕಿ ಆ ಬತ್ತಿಯಿಂದ ತಿಕ್ಕುವುದು. ಅಮೆರಿಕದ ಮ್ಯಾಸಚೂಸೆಟ್ಸ್‌ನ ರಿಕ್ ರಾಬರ್ಟ್ಸ್, ಮರಿಯಾ ಥಾಮಸ್ ಇಬ್ಬರೂ ಸೇರಿ ಶುರು ಮಾಡಿದ್ದಿದು. ಆಕೆ ಚೆಂದದ ಅಕ್ಷರ ಬರೆಯುವವರು, ಆತ ಹಿಂದೆ ಸನ್ಯಾಸಿಯಾಗಿದ್ದವರು.

ನನಗೆ ಹಿಡಿಸಿದ್ದು 'ಕ್ರೆಸೆಂಟ್ ಮೂನ್' ಅನ್ನುವ ವಿನ್ಯಾಸ. ಖಾನೆಯ ಅಂಚಿಗೆ ಸಾಲಾಗಿ ಅರ್ಧಚಂದ್ರ ಬರೆದು ಕಪ್ಪು ತುಂಬುವುದು. ನನ್ನ ಕಣ್ಣಿಗೆ ಅವು ಅಡಿಕೆ ಹೋಳು. ಆಮೇಲೆ ಒಂದೊಂದರ ಸುತ್ತ ಗೆರೆ, ಆ ಗೆರೆಯ ಸುತ್ತ ಇನ್ನೊಂದು, ಅಂಗಳದ ನೀರಿಗೆ ಮಳೆಹನಿ ಬಿದ್ದಾಗ ಏಳುವ ಹಾಗೆ. ಮೂರನೇ ಸುತ್ತಿಗೆ ಹೋಗುವಷ್ಟರಲ್ಲಿ ಉಸಿರು ನಿಧಾನವಾಗಿರುತ್ತದೆ. 'ಪ್ರಿಂಟೆಂಪ್ಸ್' ಅಂತ ಇನ್ನೊಂದಿದೆ. ಹೆಸರಷ್ಟೇ ದೊಡ್ಡದು, ಬರೆದರೆ ಚಕ್ಕುಲಿ.

ಅಳಿಸುವಂತಿಲ್ಲ ಅನ್ನುವುದು ನನಗೆ ಹೊಸದಲ್ಲ. ಖಾತೆ ಪುಸ್ತಕದಲ್ಲೂ ಅಳಿಸುವಂತಿಲ್ಲ. ತಪ್ಪಿದರೆ ಅಡ್ಡಗೀಟು ಹಾಕಿ ಪಕ್ಕದಲ್ಲಿ ಸಹಿ ಮಾಡಬೇಕು, ಯಜಮಾನರು ಕೇಳಿದರೆ ಕಾರಣ ಹೇಳಬೇಕು. ಇಲ್ಲಿ ಗೆರೆ ಸೊಟ್ಟಗಾದರೆ ಸಹಿಯೂ ಬೇಡ, ಕಾರಣವೂ ಬೇಡ. ಮುಂದಿನ ಗೆರೆಯನ್ನೂ ಅಷ್ಟೇ ಸೊಟ್ಟಗೆ ಎಳೆದರೆ ಅದೇ ಡಿಸೈನು!

ಆಯಿ ಕನ್ನಡಕ ಏರಿಸಿ ನೋಡಿದಳು. "ಇದೆಂತಾ ಮಾರಾಯ, ರಂಗೋಲಿ ಹಾಕಿದಾಂಗಿದ್ದು." ಅವಳ ಮಾತು ಸುಳ್ಳಲ್ಲ. ನಮ್ಮ ಸಿದ್ದಾಪುರ, ಸಾಗರದ ಕಡೆ ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣಿನ ಗೋಡೆಗೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರಲ್ಲ, ಪುಂಡಿ ನಾರಿನ ಕುಂಚದಲ್ಲಿ ಗೆರೆ ಪಕ್ಕ ಗೆರೆ. ಆ ಕೈಯ ಮುಂದೆ ನನ್ನ ಚೌಕ ಲೆಕ್ಕಕ್ಕಿಲ್ಲ ಬಿಡಿ.

ಈಗ ಸಾಮಾನಿನ ವಿಷಯ. ಜುಲೈ ಮಳೆಗೆ ಡಬ್ಬಿಯ ಕಾಗದ ಹಪ್ಪಳದ ಹಾಗೆ ಮೆತ್ತಗಾಯಿತು. ಪೆನ್ ಇಟ್ಟಲ್ಲೆಲ್ಲ ಶಾಯಿ ಹರಡಿ ಗೆರೆಗೆ ಮೀಸೆ ಬಂತು. ಬಚ್ಚಲ ಒಲೆಯ ಪಕ್ಕ ಒಂದು ರಾತ್ರಿ ಇಟ್ಟರೆ ಸ್ವಲ್ಪ ವಾಸಿ. ಪೆನ್ ಮಾತ್ರ ಸುಧಾರಿಸಲಿಲ್ಲ. ಬೇಸರವಾಗಿ ಪಿಗ್ಮಾ ಮೈಕ್ರಾನ್ 01 ಅನ್ನುವ ಪೆನ್ ಒಂದು ತರಿಸಿದೆ, 0.25 ಮಿಲಿಮೀಟರ್ ಗೆರೆಯದ್ದು. ಒಂದು ಸಂಜೆ ಹಂಚಿನ ಸಂದಿಯಿಂದ ಎರಡೂ ಪೆನ್ನಿನ ಚಿತ್ರಗಳ ಮೇಲೆ ನೀರು ತೊಟ್ಟಿಕ್ಕಿತು. ಕಿಟ್ ಪೆನ್ನಿನದ್ದು ನೇರಳೆ ಕಲೆಯಾಗಿ ಹೋಯಿತು. ಮೈಕ್ರಾನ್ ಗೆರೆ ಕದಲಲಿಲ್ಲ. ಒರೆಸಿ ಒಣಗಿಸಿದೆ, ಅಷ್ಟೇ. ಗೆರೆ ಒಣಗುವ ಮೊದಲು ನೀರು ಬಿದ್ದಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಒಂದೇ ದೂರು: ಒತ್ತಿ ಬರೆದರೆ ಅದರ ಮೊನೆ ಒಳಗೆ ಹೋಗಿಬಿಡುತ್ತದೆ. ಕಾರ್ಬನ್ ಇಟ್ಟು ಬಿಲ್ ಬರೆಯುವ ನನ್ನಂಥವರ ಕೈಗೆ ಅದು ಕಷ್ಟ.

ಹಾಗಾಗಿ ಕಿಟ್‌ಗೆ ಐದರಲ್ಲಿ ಎರಡು. ಕಲಿಕೆಗೆ ನಾಲ್ಕೂವರೆ. ಒಂದು ಒಳ್ಳೇ ಪೆನ್ ತಗೊಳ್ಳಿ, ದಪ್ಪ ಡ್ರಾಯಿಂಗ್ ಶೀಟ್ ಕತ್ತರಿಸಿಕೊಳ್ಳಿ, ಸಾಕು. ಪುಸ್ತಕದ ಮೇಲೆ '21 ದಿನದಲ್ಲಿ ಒತ್ತಡ ಮಾಯ' ಅಂತ ಅಚ್ಚಾಗಿದೆ, ಅದನ್ನು ನಂಬಬೇಡಿ. ಬಿಪಿ ಮಾತ್ರೆ ನಾನಿನ್ನೂ ನುಂಗುತ್ತಿದ್ದೇನೆ.

ಕಿಟ್‌ನ ಆ ಎರಡು ಪೆನ್ ಈಗ ಮಂಡಿಯಲ್ಲಿವೆ. ಚೀಲಕ್ಕೆ ಕಟ್ಟುವ ಚೀಟಿಯ ಮೇಲೆ ನಂಬರ್ ಬರೆಯೋಕೆ ಅಡ್ಡಿಲ್ಲ, ಮಳೆಗೆ ಹಿಡಿಯದಿದ್ದರೆ.