ಏಳು ವರ್ಷ ಕಾಯಿಸಿದ ಡಾಗ್‌ವುಡ್, ಮೂರೇ ವರ್ಷಕ್ಕೆ ಹೂ ಬಿಟ್ಟ ಡಾಗ್‌ವುಡ್

ಮೊದಲೇ ಹೇಳಿಬಿಡುತ್ತೇನೆ, ನಾನು ನೆಟ್ಟ ಎರಡು ಡಾಗ್‌ವುಡ್ ಹೂಮರಗಳಲ್ಲಿ ನನ್ನ ಓಟು ಎಲಿಪ್ಟಿಕಾ ಅನ್ನೋ ಜಾತಿಗೆ.

ವರ್ಷಪೂರ್ತಿ ಎಲೆ ಇರುವ ಡಾಗ್‌ವುಡ್ ಬೇಕು ಅಂತ ಎರಡು ಜಾತಿ ನೆಟ್ಟಿದ್ದೆ. ಒಂದು ಹಿಮಾಲಯದ ಕಾರ್ನಸ್ ಕ್ಯಾಪಿಟಾಟಾ. ಇನ್ನೊಂದು ಚೀನಾದ ಕಾರ್ನಸ್ ಎಲಿಪ್ಟಿಕಾ. ಕೆಲವು ನರ್ಸರಿಗಳು ಇದನ್ನು ಅಂಗುಸ್ಟಾಟಾ ಅಂತಲೂ ಮಾರುತ್ತವೆ.

ಕ್ಯಾಪಿಟಾಟಾ ಅರ್ಧ ಬೆಲೆಗೆ ಸಿಕ್ಕಿತು. ಸೊಂಟದೆತ್ತರದ ಗಿಡ, ತುಂಬಾ ಎಲೆ. ಖುಷಿಯಲ್ಲಿ ಒಂದು ಮಾತು ಕೇಳೋದು ಮರೆತೆ: ಇದು ಬೀಜದ ಸಸಿಯೋ, ಕಸಿಯೋ?

ಮೂರು ವರ್ಷ ಹೂ ಇಲ್ಲ. ಗೊಬ್ಬರ ಸಾಲದು ಅಂದುಕೊಂಡೆ. ಹಾಕಿದೆ. ಎಲೆ ಜಾಸ್ತಿಯಾಯಿತು, ಅಷ್ಟೇ. ಬಿಸಿಲು ಸಾಲದು ಅಂತ ಪಕ್ಕದ ಮರದ ಕೊಂಬೆ ಕಡಿಸಿದೆ. ಪಾಪ, ಆ ಮರದ್ದೇನು ತಪ್ಪು? ಏಳನೇ ವರ್ಷ ಡ್ರಾಯರ್‌ನಲ್ಲಿ ಹಳೆ ಲೇಬಲ್ ಸಿಕ್ಕಿತು. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಬೀಜದಿಂದ ಬೆಳೆಸಿದ್ದು’ ಅಂತಿತ್ತು. ಬೀಜದ ಗಿಡ ಹೂ ಬಿಡಲು 8–10 ವರ್ಷವಾದರೂ ಆಗಬಹುದು. ಗಿಡದಲ್ಲಿ ಯಾವ ದೋಷವೂ ಇರಲಿಲ್ಲ, ನಾನೇ ಸುಮ್ನೆ ಒದ್ದಾಡಿದ್ದು.

ಎಲಿಪ್ಟಿಕಾದಲ್ಲಿ ‘ಎಂಪ್ರೆಸ್ ಆಫ್ ಚೈನಾ’ ಅನ್ನೋ ತಳಿ ತಂದಿದ್ದೆ. ಬೆಲೆ ದುಪ್ಪಟ್ಟು. ಮೂರನೇ ಬೇಸಿಗೆಗೇ ಹೂ. ನಾವು ದಳ ಅನ್ನುವುದು ಇಲ್ಲಿ ದಳವಲ್ಲ, ಎಲೆಯ ಇನ್ನೊಂದು ರೂಪ. ನಿಜವಾದ ಹೂಗಳು ನಡುವಿನ ಹಸಿರು ಉಂಡೆಯಲ್ಲಿ, ಸಾಸಿವೆಕಾಳಿನಷ್ಟು. ಅದಕ್ಕೇ ನೋಟ ವಾರಗಟ್ಟಲೆ ಉಳಿಯುತ್ತದೆ. ಮೊದಲು ತಿಳಿಹಸಿರು, ಆಮೇಲೆ ಬಿಳಿ. ಕ್ಯಾಪಿಟಾಟಾದ್ದು ಕೆನೆಹಳದಿ, ಬೇರೆಯವರ ತೋಟದಲ್ಲಿ ನೋಡಿ ಹೇಳುತ್ತಿದ್ದೇನೆ!

ಎಲಿಪ್ಟಿಕಾ ಒಮ್ಮೆ ಹೆದರಿಸಿತು. ಚಳಿ ಜೋರಾದಾಗ ಎಲೆಯೆಲ್ಲ ನೇರಳೆ ಬಣ್ಣಕ್ಕೆ ತಿರುಗಿ ಜೋತುಬಿತ್ತು. ಸತ್ತೇಹೋಯಿತು ಅಂತ ಉಗುರಿನಲ್ಲಿ ತೊಗಟೆ ಕೆರೆದು ನೋಡಿದರೆ ಒಳಗೆ ಹಸಿರು. ಚಳಿಗೆ ಅದರ ಬಣ್ಣವೇ ಹಾಗೆ.

ಸುಣ್ಣದ ಮಣ್ಣು, ನಿಂತ ನೀರು ಈ ಎರಡೂ ಗಿಡಗಳಿಗೆ ಆಗಿಬರಲ್ಲ. ಬೇರು ಮೇಲ್ಮೇಲೇ ಇರುವುದರಿಂದ ಬುಡ ಅಗೆಯಬೇಡಿ, ತರಗೆಲೆ ಹಾಸಿ ಸಾಕು. ಕೆಂಪು ಹಣ್ಣು ಓಡಾಡುವ ದಾರಿಗೆ ಬಿದ್ದರೆ ಕಾಲಿಗೆ ಪಿಚಪಿಚ.

ಜಾಗವೂ ತಾಳ್ಮೆಯೂ ಇದ್ದರೆ ಕ್ಯಾಪಿಟಾಟಾ ತನ್ನಿ. ನನಗೆ ತಾಳ್ಮೆ ಇಲ್ಲ, ದುಪ್ಪಟ್ಟು ಕೊಟ್ಟಿದ್ದಕ್ಕೆ ಬೇಜಾರೂ ಇಲ್ಲ. ಹಾಗಂತ ಕ್ಯಾಪಿಟಾಟಾ ಕಡಿಸಿಲ್ಲ. ನೆರಳು ಚೆನ್ನಾಗಿದೆ. ಅದರ ಕೆಳಗೆ ಕುರ್ಚಿ ಹಾಕಿಕೊಂಡು ಎಲಿಪ್ಟಿಕಾದ ಹೂ ನೋಡುತ್ತೇನೆ.