24 ಗ್ರಾಂ ತೋಟಾನೋ, 28 ಗ್ರಾಂ ತೋಟಾನೋ?

ಬೆಳಗಾವಿ ಕಡೆ ಕ್ಲೇ ಶೂಟಿಂಗ್ (ಗಾಳಿಗೆ ಹಾರಿಸಿದ ಬಿಲ್ಲೆಗೆ ಬಂದೂಕಿನಿಂದ ಹೊಡೆಯುವ ಆಟ) ಹಚ್ಚಿಕೊಂಡವರು ಮೊದಲು ಕೇಳೋದು ಇದನ್ನೇ: ಹನ್ನೆರಡು ಬೋರಿನ ಬಂದೂಕಿಗೆ ಯಾವ ತೋಟಾ ಹಾಕಿದರೆ ಭುಜ ಉಳಿದೀತು? (ಗ್ರಾಂ ಅಂದರೆ ತೋಟಾದೊಳಗೆ ತುಂಬಿದ ಕಾಳಿನಂಥ ಚರೆಗಳ ತೂಕ.) ನನಗಂತೂ 24 ಗ್ರಾಮೇ ಸೈ. ಒಲಿಂಪಿಕ್‌ನ ಬಿಲ್ಲೆ ಸ್ಪರ್ಧೆಗಳಾದ ಟ್ರ್ಯಾಪ್, ಸ್ಕೀಟ್ ಎರಡರಲ್ಲೂ ಇದೇ ತೂಕ. 28ರಲ್ಲಿ ಚರೆ ಹೆಚ್ಚು, ದೂರದ ಬಿಲ್ಲೆಗೆ ಅನುಕೂಲ ಖರೆ. ಆದರೆ ನೂರನೇ ಗುಂಡಿನ ಹೊತ್ತಿಗೆ ಒದೆತ ತಿಂದ ಭುಜ, ಬಂದೂಕಿನ ಕುದುರೆ (ಟ್ರಿಗರ್) ಒತ್ತುವ ಮೊದಲೇ ಬೆದರುತ್ತದೆ.

ಡಬ್ಬಿಯ ಮೇಲಿನ ವೇಗವನ್ನೂ ನೋಡ್ರಿ: ಜೋರಾಗಿ ಹೊರಡುವ 24, ನಿಧಾನದ 28ರಷ್ಟೇ ಒದ್ದೀತು. ಬಂದೂಕು ಹಗುರವಿದ್ದರಂತೂ ಒದೆತ ಇನ್ನೂ ಜಾಸ್ತಿ. ಸೆಮಿ ಆಟೊಮ್ಯಾಟಿಕ್ (ಮುಂದಿನ ತೋಟಾ ತಾನೇ ತುಂಬಿಕೊಳ್ಳುವ ಬಂದೂಕು) ಇದ್ದವರು ಮೊದಲು ಒಂದೇ ಡಬ್ಬಿ ತಂದು ಹೊಡೆದು ನೋಡಿ. ಹಗುರ ತೋಟಾಕ್ಕೆ ಕೆಲವು ಬಂದೂಕುಗಳು ಖಾಲಿ ಕೊಳವೆಯನ್ನು ಹೊರಗೆಸೆಯದೆ ಸಿಕ್ಕಿಸಿಕೊಳ್ಳುತ್ತವೆ.