ದೊಡ್ಡ ಎದೆಗೆ ಯಾವ ಬೈಂಡರ್? ನಾಲ್ಕು ಬಗೆ ಹಾಕಿ ನೋಡಿದ ಮೇಲೆ

ಬೈಂಡಿಂಗ್ ಅಂದರೆ ಎದೆ ಚಪ್ಪಟೆ ಕಾಣುವಂತೆ ಒತ್ತಿ ಕಟ್ಟುವುದು, ಅದಕ್ಕೆ ಹಾಕುವ ಬಿಗಿ ಒಳಉಡುಪೇ ಬೈಂಡರ್. ಇದರ ಬಗ್ಗೆ ಟ್ರಾನ್ಸ್ ಪುರುಷರಿಗೆ (ಹುಟ್ಟಿದಾಗ ಹೆಣ್ಣು ಅಂತ ಗುರುತಿಸಲಾದ ಗಂಡಸರಿಗೆ) ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಸಣ್ಣ ಎದೆಯವರಿಗೆ ಹೇಳಿದಂಥವು. "ಹಾಕಿಕೊಂಡ ಕೂಡಲೇ ಪೂರ್ತಿ ಚಪ್ಪಟೆ ಆಯ್ತು" ಅನ್ನೋ ಮಾತು ಓದಿ ಓದಿ, ನನ್ನ ಮೈಯಲ್ಲೇ ಏನೋ ತಪ್ಪಿದೆ ಅಂತ ತುಂಬಾ ದಿನ ಅಂದುಕೊಂಡಿದ್ದೆ. ತಪ್ಪೇನೂ ಇರಲಿಲ್ಲ. ಎದೆ ದೊಡ್ಡದಿದ್ದರೆ, ಒತ್ತಿದ ಭಾಗ ಎಲ್ಲಿಗಾದರೂ ಹೋಗಲೇಬೇಕು ಅಲ್ವಾ? ಕೆಳಕ್ಕೆ, ಕಂಕುಳಿನ ಕಡೆಗೆ, ಇಲ್ಲಾ ಕತ್ತಿನ ಕಡೆಗೆ. ಎಷ್ಟು ಬಿಗಿ ಅನ್ನೋದಕ್ಕಿಂತ, ಎಲ್ಲಿಗೆ ಸರಿಸುತ್ತೆ ಅನ್ನೋದನ್ನು ನೋಡಿ ಆರಿಸಬೇಕು.

ನಾನು ನಾಲ್ಕು ಬಗೆ ಹಾಕಿ ನೋಡಿದ್ದೇನೆ: ಎದೆಯ ಕೆಳಗೇ ಮುಗಿಯುವ ಅರ್ಧ ಬೈಂಡರ್, ಸೊಂಟದವರೆಗೆ ಬರುವ ಉದ್ದ ಬೈಂಡರ್, ಮೈಗೆ ಅಂಟಿಸುವ ಟೇಪ್, ಬಿಗಿ ಸ್ಪೋರ್ಟ್ಸ್ ಬ್ರಾ. ಎಲ್ಲದಕ್ಕೂ ಒಂದೇ ಪರೀಕ್ಷೆ ಇಟ್ಟೆ. ನನ್ನ ಬೂದು ಬಣ್ಣದ ಅಂಗಿಯ ಮೂರನೇ ಗುಂಡಿಯ ಹತ್ತಿರ ಬಟ್ಟೆ ಬಾಯಿ ಬಿಡುತ್ತಾ? ಮೂರು ಮಹಡಿ ಹತ್ತಿದ ಮೇಲೆ ಮಾತಾಡೋಕೆ ಉಸಿರು ಉಳಿದಿರುತ್ತಾ? ಸಂಜೆ ಯಾರ ಸಹಾಯವೂ ಇಲ್ಲದೆ ಬಿಚ್ಚಬಹುದಾ?

ಅರ್ಧ ಬೈಂಡರನ್ನು ತುಂಬಾ ಜನ ಮೆಚ್ಚುತ್ತಾರೆ. ಹೊಟ್ಟೆ ಬಿಡುವಾಗಿರುತ್ತೆ, ಸೆಕೆ ಕಡಿಮೆ. ನಿಂತಿದ್ದಾಗ ಕನ್ನಡಿಯಲ್ಲಿ ನನಗೂ ಚೆನ್ನಾಗೇ ಕಂಡಿತು. ಕುಳಿತು ಎದ್ದ ಮೇಲೆ ಕಥೆ ಬೇರೆ. ಕೆಳಗಿನ ಅಂಚು ಸುರುಳಿ ಸುತ್ತಿಕೊಂಡು ಮೇಲಕ್ಕೆ ಬಂತು, ಎದೆ ಅದರ ಕೆಳಗಿಂದ ಜಾರಿತು. ಬಾತ್‌ರೂಮಿಗೆ ಹೋಗಿ ಸರಿ ಮಾಡಿಕೊಂಡು ಬಂದರೆ ಇನ್ನರ್ಧ ಗಂಟೆಗೆ ಮತ್ತೆ ಅದೇ. ಸಂಜೆ ಬಿಚ್ಚಿದಾಗ ಎದೆಯ ಕೆಳಗಿನ ಮಡಿಕೆಯುದ್ದಕ್ಕೂ ಹಗ್ಗ ಕಟ್ಟಿ ಬಿಚ್ಚಿದ ಹಾಗೆ ಕೆಂಪು ಗೆರೆ. ಒಂದು ಸೈಜ್ ಚಿಕ್ಕದು ತಗೊಂಡರೆ ನಿಲ್ಲಬಹುದು ಅಂತ ಅಂದುಕೊಳ್ಳಬೇಡಿ. ನಾನು ಆ ತಪ್ಪು ಮಾಡಿದೆ, ಎದೆ ಕಂಕುಳಿನ ಕಡೆ ಉಬ್ಬಿತು, ಬೆರಳುಗಳು ಜುಮ್ಮೆಂದವು. ಅಂಗಿಯ ಸೈಜ್ ನೋಡಿ ಬೈಂಡರ್ ತಗೊಳ್ಳುವುದೂ ತಪ್ಪೇ. ಎದೆಯ ಅತಿ ಅಗಲದ ಜಾಗ ಮತ್ತು ಭುಜ, ಎರಡನ್ನೂ ಟೇಪ್ ಹಿಡಿದು ಅಳೆದು, ಆ ಬೈಂಡರಿನದೇ ಸೈಜ್ ಪಟ್ಟಿ ನೋಡಬೇಕು. ಎರಡು ಸೈಜಿನ ನಡುವೆ ಬಂದರೆ ದೊಡ್ಡದೇ ಇರಲಿ.

ಉದ್ದ ಬೈಂಡರ್ ನನ್ನ ಅಭಿಪ್ರಾಯ ಬದಲಾಯಿಸಿತು. ಮುಂಭಾಗದಲ್ಲಿ ಹಿಗ್ಗದ ಗಟ್ಟಿ ಬಟ್ಟೆ, ಬೆನ್ನಿಗೆ ನೈಲಾನ್ ಮತ್ತು ಸ್ಪ್ಯಾಂಡೆಕ್ಸ್ ಸೇರಿದ, ಸ್ವಲ್ಪ ಹಿಗ್ಗುವ ಬಟ್ಟೆ. ಅಂಚು ಸೊಂಟದಲ್ಲಿರುವುದರಿಂದ ಎದೆಯ ಕೆಳಗೆ ಜಾರಲು ಜಾಗವೇ ಇಲ್ಲ. ಹಾಕಿಕೊಂಡ ಮೇಲೆ ಕೈ ಒಳಗೆ ಹಾಕಿ ಎರಡೂ ಕಡೆಯನ್ನು ಕೆಳಕ್ಕೂ ಪಕ್ಕಕ್ಕೂ ಸರಿಸಬೇಕು. ಹೀಗೆ ಮಾಡದಿದ್ದರೆ ಎದೆ ನಡುವೆ ಒಟ್ಟುಗೂಡಿ ಒಂದೇ ದಿಂಬಿನ ಹಾಗೆ ಕಾಣುತ್ತೆ. ಸರಿಸಿದರೆ ಮೈ ತುಂಬಿದ ಗಂಡಸಿನ ಎದೆಯ ಹಾಗೆ, ಮೇಲಿಂದ ಹೊಟ್ಟೆಯವರೆಗೆ ಒಂದೇ ಇಳಿಜಾರು. ಚಪ್ಪಟೆ ಅಲ್ಲ. ಆದರೆ ಆ ಬೂದು ಅಂಗಿಯ ಮೂರನೇ ಗುಂಡಿ ಮೊದಲ ಸಲ ಬಾಯಿ ಮುಚ್ಚಿಕೊಂಡಿತು. ಕನ್ನಡಿ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ತೊಂದರೆ ಇಲ್ಲವೆಂದಲ್ಲ. ಸೆಕೆ ಜಾಸ್ತಿ. ಕೆಳಗಿನ ಅಂಚು ಸೊಂಟದ ಮೇಲೆ ಸುರುಳಿಯಾಗುತ್ತೆ, ಪ್ಯಾಂಟಿನೊಳಗೆ ಸೇರಿಸಿದರೆ ನಿಲ್ಲುತ್ತೆ. ತಲೆಯ ಮೇಲಿಂದ ಹಾಕಲು ಒದ್ದಾಡುವುದರ ಬದಲು ಕಾಲಿನಿಂದ ಮೇಲಕ್ಕೆ ಎಳೆದುಕೊಳ್ಳುವುದು ಸುಲಭ. ಬಿಚ್ಚುವುದೇ ಕಷ್ಟ. ಒಂದು ಸಂಜೆ ಬೆವರಿಗೆ ಬಟ್ಟೆ ಮೈಗೆ ಅಂಟಿತ್ತು. ಎರಡೂ ಕೈ ಮೇಲಿದ್ದವು, ಬೈಂಡರ್ ಅರ್ಧ ಮುಖದ ಮೇಲೆ ಸಿಕ್ಕಿಕೊಂಡಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ಎರಡು ನಿಮಿಷವೇ ಇರಬೇಕು, ಆದರೆ ಎದೆ ಹೊಡೆದುಕೊಂಡ ರೀತಿ ಇನ್ನೂ ನೆನಪಿದೆ. ಅದಾದ ಮೇಲೆ ಪಕ್ಕದಲ್ಲಿ ಹುಕ್ ಇರುವುದನ್ನೇ ಹಾಕುತ್ತೇನೆ. ಮುಂದೆ ಜಿಪ್ ಇರುವುದನ್ನೂ ನೋಡಿದೆ, ಬಿಚ್ಚಲು ಅದೇ ಎಲ್ಲಕ್ಕಿಂತ ಸುಲಭ. ಆದರೆ ದೊಡ್ಡ ಎದೆಯ ಒತ್ತಡಕ್ಕೆ ಜಿಪ್ ಅಲೆಯಂತೆ ಬಾಗಿ ತೆಳು ಅಂಗಿಯಲ್ಲಿ ಎದ್ದು ಕಾಣುತ್ತೆ.

ಟೇಪಿನ ಮೇಲೆ ತುಂಬಾ ಆಸೆ ಇಟ್ಟುಕೊಂಡಿದ್ದೆ. ಪಕ್ಕೆಲುಬಿನ ಮೇಲೆ ಒತ್ತಡವೇ ಇಲ್ಲ, ಉಸಿರಾಟ ಸರಾಗ, ನೀರಿಗೆ ಇಳಿಯಬಹುದು, ಕೆಲವು ದಿನ ಹಾಗೇ ಬಿಡಬಹುದು. ಮೆಟ್ಟಿಲಿನ ಪರೀಕ್ಷೆಯಲ್ಲಿ ಟೇಪಿನ ಮುಂದೆ ಯಾವ ಬೈಂಡರೂ ನಿಲ್ಲಲಿಲ್ಲ. ಪ್ರತಿ ಬದಿಗೂ ಬೇರೆ ಬೇರೆ ಅಂಟಿಸಿ ಕಂಕುಳಿನ ಕಡೆ ಎಳೆಯಬೇಕು, ಮೈ ಸುತ್ತ ಯಾವತ್ತೂ ಸುತ್ತಬಾರದು. ತೊಟ್ಟಿನ ಮೇಲೆ ಮೊದಲು ಅಂಟಿಲ್ಲದ ಮೆತ್ತನೆಯ ತುಂಡು ಇಡಬೇಕು. ಆದರೆ ಭಾರ ಭಾರವೇ. ಸಣ್ಣ ಎದೆಗೆ ಒಂದೆರಡು ಪಟ್ಟಿ ಸಾಕಾಗಬಹುದು, ನನಗೆ ಒಂದೊಂದು ಬದಿಗೆ ಮೂರು ಬೇಕಾಯಿತು, ಆದರೂ ಸಂಜೆಯ ಹೊತ್ತಿಗೆ ಕೆಳಗಿಳಿದಿತ್ತು. ಹೆಚ್ಚು ಹಿಡಿಯಲಿ ಅಂತ ಜೋರಾಗಿ ಎಳೆದ ಕಡೆ, ಪಟ್ಟಿಯ ತುದಿಯಲ್ಲಿ ಚರ್ಮ ಗುಳ್ಳೆ ಎದ್ದಿತು. ತುದಿಗಳನ್ನು ಎಳೆಯದೆ ಸುಮ್ನೆ ಇಟ್ಟು ಒತ್ತಬೇಕು ಅನ್ನೋದು ಆಮೇಲೆ ತಿಳಿಯಿತು. ತೆಗೆಯುವಾಗ ಎಣ್ಣೆ ಸವರಿ ಸ್ವಲ್ಪ ಕಾದು, ನಿಧಾನ ಬಿಡಿಸಬೇಕು. ಮೊದಲ ಸಲ ಹಾಕುವವರು ಚಿಕ್ಕ ತುಂಡನ್ನು ಒಂದು ದಿನ ಅಂಟಿಸಿ ಚರ್ಮ ಏನು ಹೇಳುತ್ತೆ ನೋಡಿ.

ಸ್ಪೋರ್ಟ್ಸ್ ಬ್ರಾ ಅಂದರೆ ಕೆಲವರಿಗೆ ಹೆಸರೇ ಕಿರಿಕಿರಿ. ನನಗೂ ಇತ್ತು, ಈಗಲೂ ನಾನು ಅದನ್ನು ಬನಿಯನ್ ಅಂತಲೇ ಕರೆಯುತ್ತೇನೆ. ದೊಡ್ಡ ಸೈಜಿನಲ್ಲಿ ಸಿಗುವ ಹೆಚ್ಚಿನವು ಎರಡು ಬದಿಯನ್ನೂ ಬೇರೆ ಬೇರೆ ಬಟ್ಟಲಲ್ಲಿ ಹಿಡಿಯುತ್ತವೆ, ಅದು ನಮಗೆ ಬೇಡವಾದ ಆಕಾರವನ್ನೇ ಎತ್ತಿ ತೋರಿಸುತ್ತೆ. ಬಟ್ಟಲಿಲ್ಲದೆ ಒಂದೇ ಹಾಳೆಯಂತೆ ಒತ್ತುವಂಥದ್ದು ಹುಡುಕಿ. ವ್ಯಾಯಾಮಕ್ಕೆ ನಾನು ಇದೊಂದನ್ನೇ ಹಾಕುವುದು, ಬೈಂಡರ್ ಹಾಕಿಕೊಂಡು ಓಡಬಾರದು. ಎರಡು ಸ್ಪೋರ್ಟ್ಸ್ ಬ್ರಾ ಒಂದರ ಮೇಲೊಂದು ಹಾಕಿಯೂ ನೋಡಿದೆ. ಪಕ್ಕೆ ಬಿಗಿದದ್ದೇ ಬಂತು, ಎದೆ ಏನೂ ತಗ್ಗಲಿಲ್ಲ.

ಗಾಯಕ್ಕೆ ಕಟ್ಟುವ ಎಲಾಸ್ಟಿಕ್ ಬ್ಯಾಂಡೇಜನ್ನು ಈ ಹೋಲಿಕೆಗೆ ಸೇರಿಸಿಲ್ಲ. ಬೈಂಡರ್ ಇಲ್ಲದ ಕಾಲದಲ್ಲಿ ನಾನೂ ಸುತ್ತಿಕೊಂಡಿದ್ದೆ. ಅದು ಓಡಾಡಿದಷ್ಟೂ ಬಿಗಿಯಾಗುತ್ತೆ, ಪಕ್ಕೆಲುಬಿಗೆ ಪೆಟ್ಟಾಗಬಹುದು. ಪ್ಯಾಕಿಂಗ್ ಟೇಪ್ ಅಂತೂ ಬೇಡವೇ ಬೇಡ. ಕೈಯಲ್ಲಿ ಬೇರೇನೂ ಇಲ್ಲದಿದ್ದರೆ ದಪ್ಪ ಅಂಗಿಯ ಮೇಲೆ ಇನ್ನೊಂದು ಅಂಗಿ ಹಾಕಿ, ಆದರೆ ಬ್ಯಾಂಡೇಜ್, ಪ್ಯಾಕಿಂಗ್ ಟೇಪ್ ಎರಡನ್ನೂ ಮುಟ್ಟಬೇಡಿ, ದಯವಿಟ್ಟು.

ಒಳ್ಳೆ ಬೈಂಡರ್ ಆದರೆ ಅಪಾಯವೇ ಇಲ್ಲ ಅಂತಲೂ ಇಲ್ಲ. ಎದೆ ಕಟ್ಟುವ ಸುಮಾರು 1,800 ಜನರನ್ನು ಕೇಳಿ ಮಾಡಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇ. 97ರಷ್ಟು ಮಂದಿ ಬೆನ್ನು ನೋವು, ಸೆಕೆ, ತುರಿಕೆ, ಉಸಿರಿನ ತೊಂದರೆ ಹೀಗೆ ಒಂದಾದರೂ ಸಮಸ್ಯೆ ಹೇಳಿದ್ದರು. ವಾರದಲ್ಲಿ ಹೆಚ್ಚು ದಿನ ಕಟ್ಟುವವರಿಗೆ ತೊಂದರೆ ಹೆಚ್ಚು. ದೊಡ್ಡ ಎದೆಯವರಿಗೆ ಮುಖ್ಯವಾಗಿ ಚರ್ಮದ ತೊಂದರೆ. ದಿನಕ್ಕೆ 8 ಗಂಟೆ ಮೀರಬಾರದು, ಹಾಕಿಕೊಂಡು ಮಲಗಬಾರದು ಅನ್ನೋದು ಎಲ್ಲರಿಗೂ ಗೊತ್ತು. ವಾರದಲ್ಲಿ ಬಿಡುವಿನ ದಿನ ಬೇಕು ಅನ್ನೋದನ್ನು ಮಾತ್ರ ನಾವು ಮರೆಯುತ್ತೇವೆ, ಯಾಕೆಂದರೆ ಆ ದಿನ ಹೊರಗೆ ಹೋಗುವುದೇ ಕಷ್ಟ. ಆ ಕಷ್ಟ ನನಗೆ ಚೆನ್ನಾಗಿ ಗೊತ್ತು.

ನನ್ನ ಚರ್ಮಕ್ಕೆ ಒಳಗೊಂದು ತೆಳು ಹತ್ತಿ ಬನಿಯನ್ ಹಾಕಿಕೊಳ್ಳುವುದು, ಬಿಚ್ಚಿದ ಕೂಡಲೇ ಮಡಿಕೆ ತೊಳೆದು ಪೂರ್ತಿ ಒಣಗಿಸುವುದು, ಇವೆರಡೇ ಜಾಸ್ತಿ ಉಪಯೋಗಕ್ಕೆ ಬಂದವು. ಬೈಂಡರನ್ನು ಕೈಯಲ್ಲಿ ಒಗೆದು ನೆರಳಲ್ಲಿ ಹರವಿ, ಬಿಸಿಗೆ ಬಟ್ಟೆಯ ಬಿಗಿ ಹೋಗುತ್ತೆ. ಪಕ್ಕೆ ಚುಚ್ಚಿದರೆ, ಕೈ ಮರಗಟ್ಟಿದರೆ, ಉಸಿರು ಪೂರ್ತಿ ಒಳಗೆ ಹೋಗದಿದ್ದರೆ ಎಲ್ಲಿದ್ದರೂ ಬಿಚ್ಚಿಬಿಡಿ.

ಈಗ ನನ್ನ ವಾರದಲ್ಲಿ ಮೂರು ದಿನ ಪಕ್ಕದ ಹುಕ್ಕಿನ ಉದ್ದ ಬೈಂಡರ್. ಮೂರು ದಿನ ಸ್ಪೋರ್ಟ್ಸ್ ಬ್ರಾ. ಒಂದು ದಿನ ಏನೂ ಇಲ್ಲ. ಟೇಪ್ ಈಜುವುದಕ್ಕೆ ಮಾತ್ರ. ಅರ್ಧ ಬೈಂಡರನ್ನು ಸಣ್ಣ ಎದೆಯ ಗೆಳೆಯನಿಗೆ ಕೊಟ್ಟೆ, ಅವನಿಗೆ ಅದು ಚೆನ್ನಾಗಿ ಕೂತಿದೆ. ಸ್ಪೋರ್ಟ್ಸ್ ಬ್ರಾ ದಿನಗಳಲ್ಲಿ ಬೂದು ಅಂಗಿಯ ಮೂರನೇ ಗುಂಡಿ ಇನ್ನೂ ಸ್ವಲ್ಪ ಬಾಯಿ ಬಿಡುತ್ತೆ. ಅವತ್ತು ಅದರ ಮೇಲೆ ಕಪ್ಪು ಚೌಕಳಿಯ ಇನ್ನೊಂದು ಅಂಗಿಯನ್ನು ಗುಂಡಿ ಹಾಕದೆ ತೊಟ್ಟು ಹೊರಡುತ್ತೇನೆ.